ಹಕ್ಕಿ ಹೊಸೂರಿನದು, ಹಿನ್ನೆಲೆ ಯಾವೂರಿನದು?

1792ರಲ್ಲಿ ಹೊಸೂರಿಗೆ ಒಂದು ಕ್ಯಾಮೆರಾ ಬಂದಿತ್ತು. ಅದರಲ್ಲಿ ಫಿಲ್ಮ್ ಇರಲಿಲ್ಲ. ಇರುವುದಕ್ಕೆ ಫೋಟೊಗ್ರಫಿಯೇ ಇನ್ನೂ ಹುಟ್ಟಿರಲಿಲ್ಲ. ಒಂದು ಡಬ್ಬಿ, ಒಂದು ಮಸೂರ, ಒಂದು ಕನ್ನಡಿ. ಎದುರಿನ ಬೆಟ್ಟ ಬಯಲುಗಳ ಬಿಂಬ ಕಾಗದದ ಮೇಲೆ ಬೀಳುತ್ತಿತ್ತು, ಚಿತ್ರಕಾರ ಅದರ ಗೆರೆ ಹಿಡಿದು ಪೆನ್ಸಿಲ್ ಆಡಿಸುತ್ತಿದ್ದ. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂದು ಅದರ ಹೆಸರು. ತಂದವರು ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ. ಟಿಪ್ಪುವಿನ ಜೊತೆಗಿನ ಮೂರನೆಯ ಮೈಸೂರು ಯುದ್ಧ ಆಗಷ್ಟೇ ಮುಗಿದು ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿತ್ತು. ಮದ್ರಾಸಿನಿಂದ ಹೊರಟ ಈ ಇಬ್ಬರು ಕೃಷ್ಣಗಿರಿ ಕಡೆಯ ಕೋಟೆಬೆಟ್ಟಗಳ ನಡುವೆ ಹಾದು ಬೆಂಗಳೂರಿನವರೆಗೆ ಹೋದರು. 'ಓರಿಯೆಂಟಲ್ ಸೀನರಿ' ಎಂಬ ಹೆಸರಿನಲ್ಲಿ 1795ರಿಂದ 1808ರ ನಡುವೆ ಲಂಡನ್ನಿನಲ್ಲಿ ಅವರು ಹೊರತಂದ 144 ಅಚ್ಚುಚಿತ್ರಗಳಲ್ಲಿ ಹೊಸೂರೂ ಇದೆ, ರಾಯಕೋಟೆಯೂ ಇದೆ.

ಲಂಡನ್ನಿನ ಗಿರಾಕಿಗಳ ರುಚಿಗೆ ತಕ್ಕಂತೆ ಡೇನಿಯಲ್‌ಗಳು ಅಲ್ಲಲ್ಲಿ ಮರ ನೆಟ್ಟಿರಬಹುದು, ಮೋಡ ಕೂಡಿಸಿರಬಹುದು. ಆದರೂ ತಾವು ಯಾವ ಊರಿನವು ಎಂದು ಆ ಚಿತ್ರಗಳು ಬಾಯಿಬಿಟ್ಟು ಹೇಳುತ್ತವೆ. ಬಂಡೆಯ ಬೋಳುತಲೆ, ಅದರ ಮೇಲೊಂದು ಕೋಟೆಗೋಡೆ, ಕೆಳಗೆ ಬಯಲು. ಬೇರೆಲ್ಲಿಯದೂ ಅಲ್ಲ, ಬಾರಾಮಹಲ್ಲಿನದು.

ಈಗ ಚಳಿಗಾಲದ ಭಾನುವಾರಗಳಲ್ಲಿ ಅದೇ ಸೀಮೆಗೆ ಕ್ಯಾಮೆರಾಗಳು ದಂಡಿಯಾಗಿ ಬರುತ್ತವೆ. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರ್. ಕತ್ತಲಿರುವಾಗಲೇ ಹೊರಟರೆ ಮಂಜು ಕರಗುವ ಮುಂಚೆ ಕೆರೆಯ ಏರಿ ಮೇಲಿರಬಹುದು. ಬರುವವರೆಲ್ಲ ಫೋಟೊಗ್ರಾಫರುಗಳಲ್ಲ. ಒಂದಿಷ್ಟು ಮಂದಿ ಚಿತ್ರಕಾರರು, ಡ್ರಾಯಿಂಗ್ ಮೇಷ್ಟರುಗಳು, ಕಂಪನಿ ಕೆಲಸದ ಜೊತೆಗೆ ಜಲವರ್ಣ ಹಚ್ಚಿಕೊಂಡವರು. ಅವರಿಗೆ ಫೋಟೊ ಕೊನೆಯ ಫಲವಲ್ಲ, ಮನೆಗೆ ಹೋಗಿ ಬಣ್ಣ ಕಲೆಸುವುದಕ್ಕೆ ಬೇಕಾದ ಸರಕು. ಚಳಿಗಾಲದಲ್ಲಿ ಕೂಡಿಹಾಕಿದ ಈ ಸರಕು ವರ್ಷವಿಡೀ ಕ್ಯಾನ್ವಾಸಾಗುತ್ತಾ ಹೋಗುತ್ತದೆ. ಅದರಲ್ಲಿ ಒಂದು ಪಾಲು ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಂಥ ಕಡೆ ಮಾರಾಟಕ್ಕೂ ನಿಲ್ಲುತ್ತದೆ. ಅಲ್ಲಿ ಹಕ್ಕಿಚಿತ್ರಗಳ ಮುಂದೆ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮಿಂಚುಳ್ಳಿಯ ರೆಕ್ಕೆಯ ನೀಲಿ ಸರಿಯಾಗಿದೆ, ಕೊಕ್ಕಿನ ಹೊಳಪು ಸರಿಯಾಗಿದೆ, ಕಣ್ಣಿನಲ್ಲಿ ಬಿಳಿ ಚುಕ್ಕೆಯೂ ಇದೆ. ಹಿಂದೆ ಮಾತ್ರ ಮಸುಕು ಹಸಿರು. ಆ ಹಸಿರು ಹೊಸೂರಿನದೋ ಹಾಲೆಂಡಿನದೋ ದೇವರೇ ಬಲ್ಲ.

ಚಿತ್ರಕಾರರು ಹಕ್ಕಿಯನ್ನು ಮನೆಗೆ ತಂದು ಊರನ್ನು ಅಲ್ಲೇ ಬಿಟ್ಟು ಬರುತ್ತಿದ್ದಾರೆ. ತಕರಾರು ಇಷ್ಟೇ.

ಹೀಗಾಗುವುದಕ್ಕೆ ಮೊದಲ ಕಾರಣ ಉಪಕರಣದ್ದು. ಹಕ್ಕಿ ತೆಗೆಯುವವರ ಹೆಗಲಲ್ಲಿ ಈಗ ಸಾಮಾನ್ಯವಾಗಿ ಕಾಣುವುದು 600 ಮಿ.ಮೀ. ತನಕ ಎಳೆಯುವ ಜೂಮ್ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಅದನ್ನು ಹಾಕಿ 20 ಮೀಟರ್ ದೂರದಲ್ಲಿ ಕೂತ ಹಕ್ಕಿಗೆ ಗುರಿಯಿಟ್ಟರೆ ಚೌಕಟ್ಟಿಗೆ ಸಿಗುವ ಜಾಗದ ಅಗಲ ಸುಮಾರು 1.2 ಮೀಟರ್, ಎತ್ತರ 80 ಸೆಂಟಿಮೀಟರ್. ಅಪರ್ಚರ್ 6.3ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚುಕಡಿಮೆ 40 ಸೆಂಟಿಮೀಟರ್. ಅದರಾಚೆಗಿನ ಜೊಂಡು, ತೂಬು, ಹುಣಸೆಮರ, ಅಪಾರ್ಟ್‌ಮೆಂಟು ಎಲ್ಲವೂ ಕರಗಿ ಒಂದು ನಯವಾದ ಪರದೆಯಾಗಿಬಿಡುತ್ತವೆ. ನಿಂತ ಜಾಗದಿಂದ ಕದಲದೆ 50 ಮಿ.ಮೀ. ಲೆನ್ಸ್ ಹಾಕಿದರೆ ಅದೇ ಚೌಕಟ್ಟಿನಲ್ಲಿ 14 ಮೀಟರ್ ಅಗಲದ ಕೆರೆ ಸಿಗುತ್ತದೆ, ಹಕ್ಕಿ ಮಾತ್ರ ಚುಕ್ಕಿಯಾಗುತ್ತದೆ. ಆ ಎರಡನೆಯ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ತೆಗೆದರೂ ಮನೆಗೆ ಹೋಗುವಷ್ಟರಲ್ಲಿ ಅಳಿಸಿರುತ್ತಾರೆ.

ಇನ್ನೊಂದು ಕಾರಣ ಸ್ಪರ್ಧೆಗಳ ರುಚಿ. ಬೆಂಗಳೂರು ಬಹಳ ಹಿಂದಿನಿಂದ ಫೋಟೊ ಸಲೂನುಗಳ, ಅಂದರೆ ಸ್ಪರ್ಧಾ ಪ್ರದರ್ಶನಗಳ, ಊರು. ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದೇ 1971ರಲ್ಲಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಭಾರಿ ಉಪಕರಣ ಹೊತ್ತು, ಫಿಲ್ಮಿನ ಒಂದೊಂದು ಚೌಕಟ್ಟನ್ನೂ ಲೆಕ್ಕ ಹಾಕಿ ಖರ್ಚು ಮಾಡುತ್ತಾ ತೆಗೆದ ಚಿತ್ರಗಳನ್ನು ನೋಡಿ ಎರಡು ಮೂರು ತಲೆಮಾರು ಹಕ್ಕಿ ನೋಡುವುದನ್ನು ಕಲಿತಿದೆ. ಅದು ಸಣ್ಣ ಋಣವಲ್ಲ. ಆದರೆ ಸಲೂನಿನ ನಿಯಮದ ಕತೆ ಬೇರೆ. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ ಪಿ.ಎಸ್.ಎ., ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಸೇರಿ ಒಪ್ಪಿಕೊಂಡು 2015ರಿಂದ ಜಾರಿಗೆ ತಂದ ವ್ಯಾಖ್ಯೆಯ ಪ್ರಕಾರ ನಿಸರ್ಗದ ಚಿತ್ರದಲ್ಲಿ ಮನುಷ್ಯನ ಕೈವಾಡದ ಗುರುತು ಇರಕೂಡದು. ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಹೋದ ಕಣಜದ ಗೂಬೆ, ಕೊಕ್ಕರೆಯಂಥವಕ್ಕೆ ವಿನಾಯಿತಿಯೇನೋ ಉಂಟು. ವಿನಾಯಿತಿಯನ್ನು ನೆಚ್ಚಿ ಫೋಟೊ ಕಳಿಸುವ ಧೈರ್ಯ ಎಷ್ಟು ಜನಕ್ಕಿದೆ? ತಂತಿ ಕಂಡರೆ ಅಳಿಸು, ಕಂಬ ಕಂಡರೆ ಕತ್ತರಿಸು ಎಂಬ ಅಭ್ಯಾಸವೇ ಬೆರಳಿಗೆ ಅಂಟಿಬಿಟ್ಟಿದೆ. ಸ್ಪರ್ಧೆಗೆ ಹೋಗದ ಚಿತ್ರಕಾರ ಕೂಡ, ಯಾರೂ ಕೇಳದಿದ್ದರೂ, ಆ ನಿಯಮವನ್ನು ಪಾಲಿಸುತ್ತಾನೆ.

ಹೊಸೂರು ಸೀಮೆಯ ಮಟ್ಟಿಗೆ ಈ ಅಭ್ಯಾಸ ದುಬಾರಿ. ಯಾಕೆಂದರೆ ಇಲ್ಲಿನ ಚಳಿಗಾಲದ ಸೊಗಸು ಹಕ್ಕಿ ಮತ್ತು ಮನುಷ್ಯ ಒಬ್ಬರ ಮೈಮೇಲೊಬ್ಬರು ಬೀಳುವಷ್ಟು ಹತ್ತಿರದಲ್ಲಿ ಬದುಕುವುದರಲ್ಲಿದೆ. ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿನ ಎತ್ತರ. ಮೈಸೂರು ಪ್ರಸ್ಥಭೂಮಿಯ ಅಂಚು. ಹೊಸೂರು, ಡೆಂಕಣಿಕೋಟೆ, ತಳಿಯ ಸಂತೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಚೌಕಾಸಿಯಲ್ಲಿ ಬೆರೆಯುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರಿನ ಮಳೆಯ ಪಾಲೂ ಸಿಗುವುದರಿಂದ ಕೆರೆಗಳಲ್ಲಿ ನೀರು ನಿಲ್ಲುವ ಹೊತ್ತಿಗೆ ಸರಿಯಾಗಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಅದೇ ಹೊತ್ತಿಗೆ ರಾಗಿ ಕೊಯ್ಲು, ಹೊಲದ ತುಂಬ ಮೆದೆ. ಅವರೆ ಸೊಗಡು ಬೇರೆ. ಸ್ವಲ್ಪ ಕೆಳಗಿಳಿದು ಕೃಷ್ಣಗಿರಿ ಕಡೆ ಹೋದರೆ ಜನವರಿಯಲ್ಲಿ ತೋತಾಪುರಿ ತೋಪುಗಳು ಹೂ ಬಿಟ್ಟಿರುತ್ತವೆ. ಹೊಸೂರಿನ ಗುಲಾಬಿ ಬೆಳೆಗಾರರ ಪಾಲಿಹೌಸುಗಳಲ್ಲಿ ಫೆಬ್ರುವರಿಯ ಪ್ರೇಮಿಗಳ ದಿನಕ್ಕೆ ಹೂವು ತಯಾರಾಗುತ್ತಿರುತ್ತದೆ.

ಇದರ ನಡುವೆ ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಮೈನಾಗಳ ಹಿಂಡು ಹೈಟೆನ್ಷನ್ ತಂತಿಯ ಮೇಲೆ ಸಾಲುಗೂಡುತ್ತದೆ. ಕವಲುತೋಕೆಗಳೂ ತಂತಿಯನ್ನೇ ಹುಡುಕುತ್ತವೆ. ಕುಂಡೆಕುಸ್ಕ ತೂಬಿನ ಸಿಮೆಂಟು ಕಟ್ಟೆಯ ಮೇಲೆ ಬಾಲ ಕುಣಿಸುತ್ತದೆ. ಉತ್ತರದ ಬೆಟ್ಟಗಳಿಂದ ಬರುವ ನೀಲಿ ಬಂಡೆಸಿಳ್ಳಾರಕ್ಕೆ ಬಂಡೆ ಬೇಕು. ಕೃಷ್ಣಗಿರಿಯಲ್ಲಿ ಬಂಡೆಗೇನು ಬರ? ಆದರೆ ಈ ಜಿಲ್ಲೆಯ ಬಂಡೆ ಗ್ರಾನೈಟಾಗಿ ದೇಶ ದಾಟುವ ಸರಕು. ಹಕ್ಕಿ ಕೂರುವ ಬಂಡೆಯಲ್ಲಿ ಡ್ರಿಲ್ಲು ಕೊರೆದ ತೂತುಗಳ ಸಾಲು ಇರುವುದು ಸಾಮಾನ್ಯ. ಬೂದುನೀಲಿ ಹಕ್ಕಿ, ಹೊಸದಾಗಿ ಸೀಳಿದ ಕಲ್ಲಿನ ಮುಖ, ಆ ತೂತುಗಳ ನೆರಳು: ಬಣ್ಣ ಗೊತ್ತಿದ್ದವನಿಗೆ ಇದಕ್ಕಿಂತ ಒಳ್ಳೆಯ ಸಂಯೋಜನೆ ಸಿಕ್ಕೀತೆ? ಆದರೆ ಫೋಟೊದಲ್ಲಿ ಉಳಿಯುವುದು ಹಕ್ಕಿ ಮತ್ತು ಒಂದು ಗೇಣು ಕಲ್ಲು.

ಕೆಲವರಪಳ್ಳಿ ಅಣೆಕಟ್ಟಿನದು ಇನ್ನೂ ಕಠಿಣ ಪ್ರಸಂಗ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಸೆರಗು ಹಿಡಿದು ಇಳಿಯುತ್ತಾ, ಬೆಳ್ಳಂದೂರು-ವರ್ತೂರು ಸರಣಿಯ ಕೆರೆಗಳ ಕೊಳಚೆಯನ್ನೂ ಮಡಿಲಿಗೆ ಹಾಕಿಕೊಂಡು ತಮಿಳುನಾಡಿಗೆ ಬರುತ್ತದೆ. ಹೊಸೂರಿನ ಪಕ್ಕ ಕೆಲವರಪಳ್ಳಿ, ಮುಂದೆ ಕೃಷ್ಣಗಿರಿ ಅಣೆಕಟ್ಟು, ಅದರ ಮುಂದೆ ಸಾತನೂರು. ಮಳೆ ಜೋರಾಗಿ ಗೇಟು ತೆರೆದಾಗ ಮಾರ್ಜಕ ಬೆರೆತ ನೀರು ಕಡೆದಂತಾಗಿ ಆಳೆತ್ತರ ನೊರೆ ಏಳುತ್ತದೆ. ಹೊಲಕ್ಕೆ ನುಗ್ಗುತ್ತದೆ, ರಸ್ತೆಯನ್ನು ಮುಚ್ಚುತ್ತದೆ. ವರ್ಷವರ್ಷ ಪತ್ರಿಕೆಗಳಲ್ಲಿ ಅದರ ಚಿತ್ರ ಬರುತ್ತದೆ. ಅದೇ ನದಿಯ ಅಂಚಿನಲ್ಲಿ ಬೆಳ್ಳಕ್ಕಿಗಳೂ ಮೆಟ್ಟುಗಾಲು ಹಕ್ಕಿಗಳೂ ನಿಂತಿರುತ್ತವೆ. ಕೊಳಚೆ ಸೇರಿದ ಆಳವಿಲ್ಲದ ನೀರಿನಲ್ಲಿ ಹುಳುಹುಪ್ಪಟೆ ಹೆಚ್ಚು. ಮೆಟ್ಟುಗಾಲಿನಂಥ ಹಕ್ಕಿಗೆ ಅದು ಊಟದ ಜಾಗ. ಅಂದಮೇಲೆ ಹಕ್ಕಿ ಇದೆ, ಆದ್ದರಿಂದ ನೀರು ಚೆನ್ನಾಗಿದೆ ಎನ್ನುವ ಹಾಗಿಲ್ಲ. ನೀರು ಕೆಟ್ಟಿದೆ, ಆದ್ದರಿಂದ ಹಕ್ಕಿ ಓಡಿಹೋಗಿದೆ ಎನ್ನುವ ಹಾಗೂ ಇಲ್ಲ.

ಈ ಗೊಂದಲವನ್ನು ಲೇಖನ ಎರಡು ಪುಟದಲ್ಲಿ ವಿವರಿಸಬೇಕು. ಚಿತ್ರಕ್ಕೆ ಎರಡು ಬಿಳುಪು ಸಾಕು: ಬೆಳ್ಳಕ್ಕಿಯ ಬಿಳುಪು, ನೊರೆಯ ಬಿಳುಪು. ಬೆಳಗಿನ ನೆರಳಿನಲ್ಲಿ ಹಕ್ಕಿಯ ಬಿಳಿ ನೀಲಿಗೆ ವಾಲುತ್ತದೆ, ನೊರೆಯ ಬಿಳಿ ಮಾಸಲು ಹಳದಿಗೆ. ಎರಡನ್ನೂ ಒಂದೇ ಟ್ಯೂಬಿನಿಂದ ತೆಗೆಯಲಾಗುವುದಿಲ್ಲ. ಜಲವರ್ಣದವನಿಗಂತೂ ಇದು ಸವಾಲು, ಯಾಕೆಂದರೆ ಅವನ ಬಿಳಿ ಎಂದರೆ ಖಾಲಿ ಬಿಟ್ಟ ಕಾಗದವೇ. ಹಾಗಿದ್ದೂ ನೊರೆಯನ್ನು ಚೌಕಟ್ಟಿನಿಂದ ಹೊರಗಿಟ್ಟು, ಸ್ವಚ್ಛ ನೀರಿನ ತುಣುಕೊಂದನ್ನು ಹುಡುಕಿ, ಅಲ್ಲಿಗೆ ಹಕ್ಕಿ ಬರುವ ತನಕ ಕಾದು ಕೂರುವವರೇ ಹೆಚ್ಚು. ಇದನ್ನು ಪರಿಸರದ ವಿಷಯದಲ್ಲಿ ಅಪ್ರಾಮಾಣಿಕತೆ ಎಂದು ಬಯ್ಯಬಹುದು. ಅದಕ್ಕಿಂತ ಮೊದಲು ಇದು ಕಲೆಯ ವಿಷಯದಲ್ಲಿ ನಷ್ಟ.

ಹಿನ್ನೆಲೆಯನ್ನು ಕಡೆಗಣಿಸುವ ಚಾಳಿ ಹೊಸದಲ್ಲ. ಹಕ್ಕಿಚಿತ್ರಗಳ ದೊಡ್ಡಪ್ಪ ಎನ್ನಬಹುದಾದ ಜಾನ್ ಜೇಮ್ಸ್ ಆಡುಬಾನ್ 1827ರಿಂದ 1838ರವರೆಗೆ 435 ಫಲಕಗಳಲ್ಲಿ ಅಮೆರಿಕದ ಹಕ್ಕಿಗಳನ್ನು ಅವುಗಳ ನಿಜಗಾತ್ರದಲ್ಲೇ ಅಚ್ಚು ಹಾಕಿಸಿದ. ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಕೋವಿ ಇತ್ತು. ಹೊಡೆದುರುಳಿಸಿದ ಹಕ್ಕಿಗೆ ತಂತಿ ಚುಚ್ಚಿ ಬೇಕಾದ ಭಂಗಿಗೆ ನಿಲ್ಲಿಸಿ ಬಿಡಿಸುತ್ತಿದ್ದ. ಅವನ ಜೊತೆ 1820ರಲ್ಲಿ ಹೊರಟ ಜೋಸೆಫ್ ಮೇಸನ್‌ಗೆ ಆಗ ಹದಿಮೂರು ವರ್ಷ. ಹಕ್ಕಿ ಕೂರುವ ಗಿಡ, ಎಲೆ, ಹೂವು ಬಿಡಿಸುವುದು ಈ ಹುಡುಗನ ಕೆಲಸ. ಎಷ್ಟೋ ಫಲಕಗಳಲ್ಲಿ ಹಕ್ಕಿಗೆ ಜೀವ ಬಂದಿರುವುದೇ ಆ ಎಲೆಗಳಿಂದ. ಅಚ್ಚಾಗಿ ಬಂದ ಫಲಕಗಳಲ್ಲಿ ಮೇಸನ್ ಹೆಸರು ಇಲ್ಲ.

ಹಿನ್ನೆಲೆಗೆ ಮಾನ ತಂದವನು ಇನ್ನೊಬ್ಬ ಅಮೆರಿಕನ್ ಚಿತ್ರಕಾರ, ಅಬಟ್ ಥೇಯರ್. ಪ್ರಾಣಿಗಳ ಬೆನ್ನು ಕಡುಬಣ್ಣ, ಹೊಟ್ಟೆ ತಿಳಿಬಣ್ಣ ಯಾಕಿರುತ್ತದೆ ಎಂಬ ಪ್ರಶ್ನೆಗೆ 1896ರಲ್ಲಿ ಉತ್ತರ ಕೊಟ್ಟವನು ಈತ. ಮೇಲಿನಿಂದ ಬೀಳುವ ಬೆಳಕನ್ನು ಈ ಬಣ್ಣಗಾರಿಕೆ ರದ್ದು ಮಾಡುತ್ತದೆ, ದುಂಡಗಿನ ಮೈ ಚಪ್ಪಟೆಯಾಗಿ ಕಂಡು ಪ್ರಾಣಿ ತನ್ನ ಜಾಗದಲ್ಲಿ ಲೀನವಾಗುತ್ತದೆ. ಜೀವವಿಜ್ಞಾನಿಗಳಿಗೆ ಕಾಣದ್ದು ನೆರಳು-ಬೆಳಕನ್ನು ಹೊಟ್ಟೆಪಾಡಾಗಿ ಮಾಡಿಕೊಂಡವನ ಕಣ್ಣಿಗೆ ಬಿತ್ತು. ಆಮೇಲೆ ಉತ್ಸಾಹ ತಲೆಗೇರಿ, ಎಲ್ಲ ಪ್ರಾಣಿಯ ಎಲ್ಲ ಬಣ್ಣವೂ ಅಡಗಿಕೊಳ್ಳಲಿಕ್ಕೇ ಇರುವುದು, ರಾಜಹಂಸ ಗುಲಾಬಿಯಾಗಿರುವುದು ಸಂಜೆಯ ಆಕಾಶದಲ್ಲಿ ಮರೆಯಾಗಲಿಕ್ಕೆ ಎಂದು ವಾದಿಸಿ ನಗೆಪಾಟಲಾದ. ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಕೂಡ ಅವನನ್ನು ತರಾಟೆಗೆ ತೆಗೆದುಕೊಂಡ. ಅದೇನೇ ಇರಲಿ, 1907ರ ಅವನ ನವಿಲಿನ ಚಿತ್ರ ನೋಡಬೇಕು. ಕಾಡಿನ ನಡುವೆ ಕೂತ ನವಿಲಿನ ನೀಲಿ ಕೊರಳು ಆಕಾಶದ ತುಣುಕಿನೊಳಗೂ ಬಾಲ ಎಲೆಗಳೊಳಗೂ ಕರಗಿಹೋಗಿ ನೋಡುವವರು ನವಿಲನ್ನು ಹುಡುಕಬೇಕಾಗುತ್ತದೆ. ಕೃಷ್ಣಗಿರಿಯ ಹೊಲಗಳಲ್ಲಿ ನವಿಲು ನೋಡಿದ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗರಿ ಬಿಚ್ಚಿ ಕುಣಿಯುವ ನವಿಲನ್ನು ನಾವೆಲ್ಲ ಕ್ಯಾಲೆಂಡರಿನಲ್ಲಿ ಕಂಡದ್ದೇ ಹೆಚ್ಚು. ಅವನು ಕಂಡದ್ದು ಬೆಳೆಯ ನಡುವೆ ಸರಕ್ಕನೆ ಮಾಯವಾಗುವ ಕೊರಳನ್ನು.

ಕನ್ನಡದಲ್ಲಿ ಈ ಮಾತಿಗೆ ಹತ್ತಿರದ ಉದಾಹರಣೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. 1938ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ತೇಜಸ್ವಿ ಬರೆಯುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು, ಮೂಡಿಗೆರೆಯ ತೋಟದ ಸುತ್ತಮುತ್ತ ಹಕ್ಕಿಗಳ ಬೆನ್ನು ಬಿದ್ದು ಫೋಟೊ ತೆಗೆಯುತ್ತಿದ್ದರು. 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿಪುಕ್ಕ' ಆ ಅಲೆದಾಟದ ಫಲ. ಅವರ ಫೋಟೊಗಳಲ್ಲೂ ಹಕ್ಕಿ ಚೌಕಟ್ಟು ತುಂಬಿ ಕೂತಿರುವವು ಬಹಳ ಇವೆ, ಸುಳ್ಳು ಹೇಳಬಾರದು. ಆದರೆ ಫೋಟೊಕ್ಕೆ ಹೋದವರು ಅಲ್ಲಿ ನೋಡಿದ್ದನ್ನೆಲ್ಲ ಬರವಣಿಗೆಗೆ ತಂದುಕೊಂಡರು. 1980ರ 'ಕರ್ವಾಲೊ' ನೆನೆಸಿಕೊಳ್ಳಿ. ಹಾರುವ ಓತಿಯನ್ನು ಹುಡುಕಿ ಹೊರಟ ದಂಡಿನಲ್ಲಿ ವಿಜ್ಞಾನಿ ಇದ್ದಾನೆ, ಫೋಟೊಗ್ರಾಫರ್ ಪ್ರಭಾಕರನಿದ್ದಾನೆ, ಮಂದಣ್ಣ, ಕರಿಯಪ್ಪ, ಎಂಗ್ಟ, ಪ್ಯಾರ, ಕಿವಿ ಎಂಬ ನಾಯಿ ಎಲ್ಲ ಇದ್ದಾರೆ. ಓತಿ ಕೊನೆಗೆ ಕಣಿವೆಯ ಕಡೆಗೆ ತೇಲಿಹೋಗುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಓದುಗನ ಕೈಯಲ್ಲಿ ಉಳಿಯುವುದು ಆ ಕಾಡು, ಆ ಜನ, ಆ ಜಗಳ. 600 ಮಿ.ಮೀ. ಲೆನ್ಸಿನಲ್ಲಿ ಬರೆದಿದ್ದರೆ ಓತಿಯೊಂದೇ ಇರುತ್ತಿತ್ತು, ಕಾದಂಬರಿ ಇರುತ್ತಿರಲಿಲ್ಲ.

ಹೊಸೂರಿನ ಪಕ್ಕದಲ್ಲೇ ಇಂಥದೇ ಇನ್ನೊಂದು ಸಾಕ್ಷಿ ಉಂಟು. 1954ರಲ್ಲಿ ಬಂದ, ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್‌ನ ಮೊದಲ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕದ ಕತೆಯಿದೆ. ಹುಲಿಯ ಕತೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಬೆಂಗಳೂರಿನ ಓದುಗರು ಇಂದಿಗೂ ಆಂಡರ್ಸನ್ ಪುಸ್ತಕ ಹಿಡಿದು ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ ಸುತ್ತಿ ಬರುವುದು ಅದರಲ್ಲಿ ಹಳ್ಳ, ಗಾಡಿದಾರಿ, ಹಾಡಿಗಳು ಹುಲಿಯಷ್ಟೇ ನಿಚ್ಚಳವಾಗಿರುವುದರಿಂದ.

ಇನ್ನು ಸಂಡೂರಿನ ಎಂ.ವೈ. ಘೋರ್ಪಡೆ. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಬಜೆಟ್ಟಿನ ನಡುವೆ ಕಾಡಿಗೆ ಹೋಗುತ್ತಿದ್ದವರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' 1983ರಲ್ಲಿ ಬಂತು. ಕಪ್ಪು-ಬಿಳುಪಿನ ಆ ಕಾಡುಚಿತ್ರಗಳಲ್ಲಿ ಪುಸ್ತಕದ ಹೆಸರೇ ಹೇಳುವ ಹಾಗೆ ಬೆಳಕೂ ನೆರಳೂ ಪ್ರಾಣಿಗೆ ಸಮನಾದ ಪಾತ್ರಗಳು.

ಎದುರುವಾದ ಇಲ್ಲದಿಲ್ಲ. ಉದ್ದ ಲೆನ್ಸ್ ಇರುವುದರಿಂದಲೇ ಹಕ್ಕಿಯ ಹತ್ತಿರ ಹೋಗಿ ಕಾಟ ಕೊಡಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಮೊಬೈಲ್ ಹಿಡಿದು ಗೂಡಿನ ಬಾಯಿಗೇ ಮುಖ ಒಡ್ಡುವವರಿಗಿಂತ ದೂರ ಕೂತ 600 ಮಿ.ಮೀ. ಸಾವಿರ ಪಾಲು ವಾಸಿ. ಗರಿಗಳ ಜೋಡಣೆ, ಕಾಲಿನ ಕೀಲು ತಿಳಿಯುವುದಕ್ಕೂ ಅದು ಬೇಕು. ಅಂಗರಚನೆ ತಪ್ಪಿದ ಹಕ್ಕಿಯನ್ನು ಯಾವ ಹಿನ್ನೆಲೆಯೂ ಕಾಪಾಡಲಾರದು. ಕಲೆಗಾರನಿಗೆ ವರದಿಗಾರನ ಕೆಲಸ ಹಚ್ಚಬೇಡಿ, ತಂತಿ ಬೇಡವೆಂದರೆ ಬೇಡ, ಅದು ಅವನ ಸ್ವಾತಂತ್ರ್ಯ ಎಂಬ ಮಾತೂ ಬರುತ್ತದೆ. ಅದೂ ಸರಿಯೇ. ಆದರೆ ಬಿಡುವ ಸ್ವಾತಂತ್ರ್ಯ ನೋಡಿದವನಿಗೆ ಮಾತ್ರ ಇರುತ್ತದೆ. ತಂತಿಯನ್ನು ನೋಡಿ, ಅದರ ಇಳಿಜೋಲನ್ನು ಗಮನಿಸಿ, ಆಮೇಲೆ ಚಿತ್ರಕ್ಕೆ ಬೇಡವೆಂದು ಕೈಬಿಟ್ಟರೆ ಅದು ಆಯ್ಕೆ. ಲೆನ್ಸೇ ಮೊದಲು ಅಳಿಸಿ ಕೊಟ್ಟರೆ ಚಿತ್ರಕಾರ ಆಯ್ದುಕೊಂಡದ್ದೇನು?

ಕ್ಯಾಮೆರಾ ಬೇರೆ ರೀತಿಯಲ್ಲೂ ಚಿತ್ರಕಾರನ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಆಟೊ ವೈಟ್ ಬ್ಯಾಲೆನ್ಸ್ ಅಂಥದು. ಡಿಸೆಂಬರಿನ ಬೆಳಗ್ಗೆ ಹೊಸೂರಿನ ಮಂಜಿನಲ್ಲಿ ಇಡೀ ಕೆರೆ ನೀಲಿಗೆ ತಿರುಗಿರುತ್ತದೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸಬೇಕೆಂದು ಹಟ ಹಿಡಿದ ಯಂತ್ರ ಆ ನೀಲಿಯನ್ನು ಒಂದಿಷ್ಟು ತೊಳೆದುಹಾಕುತ್ತದೆ. ಹಕ್ಕಿ ಮಧ್ಯಾಹ್ನದ ಬಿಸಿಲಲ್ಲಿ ಕೂತಂತೆ ಕಾಣುತ್ತದೆ. ಸೆಟ್ಟಿಂಗನ್ನು 'ಡೇಲೈಟ್'ಗೆ ಇಟ್ಟರೆ ಚಳಿ ಫೋಟೊದಲ್ಲಿ ಉಳಿಯುತ್ತದೆ. ಹಾರುವ ಹಕ್ಕಿಯ ಪ್ರಶ್ನೆ ಇನ್ನೊಂದು. 1878ರಲ್ಲಿ ಮೈಬ್ರಿಜ್ ಓಡುವ ಕುದುರೆಯ ಕಾಲುಗಳನ್ನು ಸಾಲು ಕ್ಯಾಮೆರಾಗಳಲ್ಲಿ ಹಿಡಿದಾಗ, ನಾಲ್ಕೂ ಕಾಲು ಚಾಚಿ ಹಾರುವ ಕುದುರೆ ಬಿಡಿಸುತ್ತಿದ್ದವರೆಲ್ಲ ಪೆಚ್ಚಾದರು. 1882ರಲ್ಲಿ ಫ್ರಾನ್ಸಿನ ಮರೇ ಬಂದೂಕಿನ ಆಕಾರದ ಕ್ಯಾಮೆರಾದಿಂದ ಹಕ್ಕಿಯ ಹಾರಾಟವನ್ನು ಸೆಕೆಂಡಿಗೆ 12 ಚಿತ್ರಗಳಂತೆ ತೆಗೆದ. ಅಂದಿನಿಂದ ರೆಕ್ಕೆಯ ಸತ್ಯ ಎಲ್ಲರಿಗೂ ಗೊತ್ತು. ಆದರೆ ಎರಡು ಸಾವಿರದಲ್ಲೊಂದು ಸೆಕೆಂಡಿನ ಆ ಸತ್ಯವನ್ನು ಹಾಗೇ ಕ್ಯಾನ್ವಾಸಿಗೆ ಇಳಿಸಿದರೆ ಹಕ್ಕಿ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ. ಕಣ್ಣು ಹಾಗೆ ನೋಡಿರುವುದಿಲ್ಲ.

ಫೋಟೊ ತೆಗೆಯುವ ಗೋಜಿಗೇ ಹೋಗದೆ ಅಂತರ್ಜಾಲದಿಂದ ಯಾರದೋ ಹಕ್ಕಿಯನ್ನು ಇಳಿಸಿಕೊಂಡು ಬಣ್ಣ ತುಂಬುವವರ ಬಗ್ಗೆ ಹೆಚ್ಚು ಹೇಳುವುದು ವ್ಯರ್ಥ. 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗ್ರಾಫರನ ಹಕ್ಕು ಅವನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು. ಕಾಗೆ ಬಿಡಿಸಲಿಕ್ಕೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಯಾರ ಫೋಟೊವನ್ನೂ ಬೇಡಲಿಲ್ಲ. ಚಿಕ್ಕಂದಿನಿಂದ ಕಿಟಕಿಯಾಚೆ ಕಂಡ ಕಾಗೆಯನ್ನೇ ಮುಪ್ಪಿನವರೆಗೂ ಬಿಡಿಸಿದರು, ಕಾಗೆಗಳ ಪ್ರದರ್ಶನವನ್ನೂ ಮಾಡಿದರು.

ಕಾಡಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಚಳಿಗಾಲ ಇಲ್ಲಿ ಆನೆಗಳ ಕಾಲವೂ ಹೌದು. ಬನ್ನೇರುಘಟ್ಟ ಕಡೆಯಿಂದ ರಾಗಿಯ ಹೊತ್ತಿಗೆ ಹಿಂಡುಗಳು ಜವಳಗಿರಿ, ತಳಿ ದಾಟಿ ಹೊಸೂರಿನ ಮಗ್ಗುಲಿನ ಸಾನಮಾವು ಕಾಡಿನವರೆಗೆ ಬಂದು ಬೀಡುಬಿಡುತ್ತವೆ. ರಾತ್ರಿಯಿಡೀ ಆನೆ ಕಾದ ರೈತನ ಹೊಲದ ಬದುವಿನಲ್ಲಿ ಬೆಳಗಿನ ಮಂಜಿನೊಳಗೆ ಟ್ರೈಪಾಡ್ ನೆಡುವುದು ಅಪಾಯಕಾರಿಯಷ್ಟೇ ಅಲ್ಲ, ಅವಿವೇಕ. ಮೇಲಗಿರಿ ಬೆಟ್ಟಗಳು ಈಗ ಬಹುಪಾಲು ಅಭಯಾರಣ್ಯ. ಕಾವೇರಿ ಉತ್ತರ 2014ರಲ್ಲಿ, ಕಾವೇರಿ ದಕ್ಷಿಣ 2022ರಲ್ಲಿ ಘೋಷಣೆಯಾದವು. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಬಂಡೆಗುಡ್ಡಗಳಲ್ಲಿ ಮಾತ್ರ ಸಿಗುವ ಹಳದಿ ಕೊರಳಿನ ಪಿಕಳಾರವನ್ನು ಹೇಗಾದರೂ ಹೊರಗೆಳೆಯಬೇಕೆಂದು ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವವರಿಗೆ, ಅಪಾಯದ ಅಂಚಿನಲ್ಲಿರುವ ದಕ್ಷಿಣ ಭಾರತದ್ದೇ ಆದ ಹಕ್ಕಿ ಅದು ಎಂಬುದು ನೆನಪಿರಬೇಕು. ಅದು ಸಿಗದ ದಿನ ಅದು ಕೂರುವ ಬಂಡೆಯ ಬಿರುಕು, ಆ ಬಿರುಕಿನಲ್ಲಿ ಬೇರು ಬಿಟ್ಟ ಗಿಡ ಇದ್ದೇ ಇರುತ್ತವೆ. ಅವು ಹಾರಿಹೋಗುವುದಿಲ್ಲ.

ರುಚಿ ಬದಲಾಗುವುದಕ್ಕೆ ಸಂಸ್ಥೆಗಳೂ ಕೈಹಾಕಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೊ ಸ್ಪರ್ಧೆಯಲ್ಲಿ ತಮ್ಮ ಪರಿಸರದಲ್ಲಿರುವ ಪ್ರಾಣಿಗಳಿಗೆ ಒಂದು ವಿಭಾಗ, ಊರಿನೊಳಗಿನ ವನ್ಯಜೀವಿಗಳಿಗೆ ಇನ್ನೊಂದು ವಿಭಾಗ ಇವೆ. ನಮ್ಮ ಸಲೂನುಗಳಲ್ಲೂ ಅಂಥ ವಿಭಾಗಕ್ಕೆ ನಿಸರ್ಗ ವಿಭಾಗದಷ್ಟೇ ಮರ್ಯಾದೆ ಸಿಕ್ಕರೆ ಅಳಿಸಿಹೋದ ತಂತಿಗಳು ತಾವಾಗಿಯೇ ವಾಪಸ್ಸು ಬರುತ್ತವೆ. ತಮಿಳುನಾಡಿನ ಹಕ್ಕಿವೀಕ್ಷಕರು 2015ರಿಂದ ಜನವರಿಯಲ್ಲಿ ನಡೆಸುತ್ತಿರುವ ಪೊಂಗಲ್ ಹಕ್ಕಿ ಎಣಿಕೆ ಇದಕ್ಕೆ ಒಳ್ಳೆಯ ಸಂದರ್ಭ. ನಾಲ್ಕು ದಿನ, ಶಾಲೆಗೂ ರಜೆ. ಕನಿಷ್ಠ ಹದಿನೈದು ನಿಮಿಷ ಒಂದು ಜಾಗದಲ್ಲಿ ನಿಂತು ಕಂಡ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿದರೆ ಅದು ಎಣಿಕೆಗೆ ಸೇರುತ್ತದೆ. ಹೊಸೂರಿನ ಡ್ರಾಯಿಂಗ್ ಮೇಷ್ಟರುಗಳು ಮಕ್ಕಳನ್ನು ಊರೊಳಗೇ ಇರುವ ರಾಮನಾಯಕನ ಕೆರೆಯ ಏರಿಗೆ ಕರೆದೊಯ್ದು, ಪಟ್ಟಿಯ ಜೊತೆಗೆ ಒಂದೊಂದು ಚಿತ್ರ ಬಿಡಿಸಲು ಹೇಳಬಹುದು. ಫೋಟೊಕ್ಕೆ ಮನೆಯವರ ಮೊಬೈಲ್ ಸಾಕು. ಹಕ್ಕಿ ಚುಕ್ಕಿಯಷ್ಟೇ ಬಂದರೂ ಚಿಂತೆಯಿಲ್ಲ. ಆ ಚುಕ್ಕಿ ಯಾವ ಬೀದಿಯ ಯಾವ ಕಂಬದ ಮೇಲಿತ್ತು, ಅದರ ಕೆಳಗೆ ಯಾರ ಅಂಗಡಿ ಇತ್ತು ಎಂಬುದನ್ನು ಮಕ್ಕಳು ಕಾಗದದ ಮೇಲೆ ತೋರಿಸಲಿ.